ಮಾಕಳಿಯ ನೂರೊಂದನೆಯ ವಾಲ್ವು

ಚಿತ್ರದಲ್ಲಿರುವುದು ಮರಳು. ಹಳದಿಯೆನ್ನಲಾಗದ, ಬೂದಿಯೆನ್ನಲಾಗದ, ಬಿಸಿಲಿಗೆ ತನ್ನ ಬಣ್ಣವನ್ನು ಬಿಟ್ಟುಕೊಟ್ಟ ಮರಳು. ಅದರ ಮೇಲೆ ಮುರಿದ ಬಿಳಿಯ ರೆಕ್ಕೆಯೊಂದು ಮಗುಚಿ ಬಿದ್ದಿದೆ. ರೆಕ್ಕೆಗಿಂತ ಅದರ ನೆರಳು ಉದ್ದ. ನೆರಳಿನಾಚೆ ಯಾರೋ ಒಂದು ಬಟ್ಟೆ ಹಾಸಿದ್ದಾರೆ. ಬಟ್ಟೆಯ ಮೇಲೆ ಕಪ್ಪು-ಬಿಳಿ ಮನೆಗಳ ಅಳತೆಪಟ್ಟಿ. ಅದರ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಉದ್ದದ ಅಲ್ಯೂಮಿನಿಯಂ ವಾಲ್ವು. ಮುಚ್ಚಳವನ್ನು ಬಿಚ್ಚಿ ಅಂಗಾತ ಇಟ್ಟಿದ್ದಾರೆ. ತಿರುಪಿನ ಸಾಲಿನೊಳಗೆ ಕೂದಲೆಳೆಯಂಥ ಕೆಂಪು ಗೆರೆ. ಮುಚ್ಚಳದ ಒಳಮೈಯಲ್ಲಿ ಎಳ್ಳಿಗಿಂತ ತುಸು ದೊಡ್ಡದಾದ ಎರಡು ಗುರುತು— ‘ಸೊ’ ಮತ್ತು ‘೭’.

"ಓದಕ್ಕಾಯ್ತಾ ಸರ್?" ಎಂದು ಕೇಳಿದಳು ಪದ್ಮಶ್ರೀ.

ಓದಲಾಗಿತ್ತು. ನನ್ನ ಭಾಷೆಯ ಅಕ್ಷರವೊಂದು ಅಷ್ಟು ದೂರದ ಮರಳಿನಲ್ಲಿ ಬಿದ್ದಿರುವುದನ್ನು ಕಂಡು ಎದೆ ಮೊದಲು ಉಬ್ಬಿತು, ಮರುಗಳಿಗೆಯೇ ಕುಗ್ಗಿತು.

ಮೂವತ್ತೊಂದು ವರ್ಷ ನಾನು ಕಸ್ಟಮ್ಸ್‌ನಲ್ಲಿ ಸರಕು ಪರೀಕ್ಷಕನಾಗಿದ್ದವನು. ಪದ್ಮಶ್ರೀ ನನ್ನ ಕೈಕೆಳಗೆ ಕೆಲಸ ಕಲಿತು ಈಗ ತನಿಖಾಧಿಕಾರಿಯಾಗಿದ್ದಾಳೆ. ಕೊಡಿಗೇಹಳ್ಳಿಯ ನನ್ನ ಮನೆಗೆ ಆಕೆ ಬರುವುದು ಹಬ್ಬಕ್ಕೆ, ಇಲ್ಲವೇ ಗಂಟು ಬಿಚ್ಚದಿದ್ದಾಗ. ಅಂದು ಹಬ್ಬವಿರಲಿಲ್ಲ.

ಆಕೆ ಹೇಳಿದ್ದು ಇಷ್ಟು. ಆಫ್ರಿಕಾದ ಒಂದು ದೇಶದಲ್ಲಿ ಆರು ವರ್ಷಗಳಿಂದ ಅಂತರ್ಯುದ್ಧ. ಅಲ್ಲಿಗೆ ಆಯುಧವನ್ನಾಗಲಿ, ಆಯುಧದ ಬಿಡಿಭಾಗವನ್ನಾಗಲಿ ಯಾರೂ ಕಳಿಸಕೂಡದೆಂದು ವಿಶ್ವಸಂಸ್ಥೆಯ ನಿರ್ಬಂಧವಿದೆ. ಆದರೂ ಪೈಲಟ್ ಇಲ್ಲದ ವಿಮಾನವೊಂದು ಸಂತೆಯ ಮೇಲೆ ಬಾಂಬು ಹಾಕಿತ್ತು. ಹನ್ನೊಂದು ಮಂದಿ ಸತ್ತರು. ಹಿಂದಿರುಗುವಾಗ ಗುಂಡೇಟು ತಿಂದು ಉರುಳಿದ ಆ ವಿಮಾನದ ಎಂಜಿನ್ನಿನಲ್ಲಿ, ಇಂಧನವನ್ನು ಹದವಾಗಿ ಹಾಯಿಸುವ ಈ ವಾಲ್ವು ಸಿಕ್ಕಿತು. ನಿರ್ಬಂಧದ ಮೇಲೆ ಕಣ್ಣಿಡುವ ತಜ್ಞರ ತಂಡ ಅಕ್ಷರದ ಜಾಡು ಹಿಡಿದು ಬೆಂಗಳೂರಿಗೆ ಪತ್ರ ಬರೆಯಿತು. ‘ಸೊ’ ಎಂದರೆ ಮಾಕಳಿಯ ಸೊಣ್ಣಪ್ಪನವರ ವರ್ಕ್‌ಶಾಪು. ‘೭’ ಎಂದರೆ ಅವರ ಏಳನೆಯ ಬ್ಯಾಚು.

"ಆ ಬ್ಯಾಚಲ್ಲಿ ನೂರು ಪೀಸ್. ಹೆಬ್ಬಾಳದ ಒಂದು ಕಂಪನಿಗೆ ಹೋಗಿವೆ— ಬೆಳೆಗೆ ಔಷಧಿ ಹೊಡೆಯೋ ಡ್ರೋನ್ ಮಾಡೋರು. ಬೆಳಿಗ್ಗೆ ನಾನೇ ನಿಂತು ಎಣಿಸ್ದೆ. ನೂರಕ್ಕೆ ನೂರೂ ಅಲ್ಲೇ ಇವೆ."

"ಹಾಗಾದರೆ ಮರಳಿನ ಮೇಲಿರುವುದು?"

"ಅದೇ ಸರ್ ಪ್ರಶ್ನೆ."

ಪ್ರತಿ ವಾಲ್ವಿನ ತಳದಲ್ಲೂ ಸರಣಿ ಸಂಖ್ಯೆ ಇರುತ್ತದೆ, ಇದರಲ್ಲಿಲ್ಲ. ಸಂಖ್ಯೆಯನ್ನು ಉಜ್ಜಿ ಅಳಿಸಲಾಗಿದೆ, ಕೆಂಪು ಗೆರೆ ತುಕ್ಕಿನದು ಎಂದು ನಮ್ಮವರ ಟಿಪ್ಪಣಿ. ಮೇಲಧಿಕಾರಿಗಳ ತೀರ್ಮಾನವೂ ಸಿದ್ಧವಾಗಿತ್ತು. ಸಂಜೆ ಐದಕ್ಕೆ ಪದ್ಮಶ್ರೀ ವರದಿ ಕೊಡಬೇಕು. ಐದೂವರೆಗೆ ವರ್ಕ್‌ಶಾಪಿಗೆ ಬೀಗಮುದ್ರೆ, ಸೊಣ್ಣಪ್ಪನವರ ಬಂಧನ. ಅವರ ಎಂಟನೆಯ ಬ್ಯಾಚು— ನಾನೂರು ವಾಲ್ವು— ವಿಮಾನ ನಿಲ್ದಾಣದ ಕಾರ್ಗೋದಲ್ಲಿ ರಫ್ತಿಗೆ ಕಾದಿತ್ತು.

"ಹಾಗೇ ಬರೆದುಬಿಡಬಹುದು. ಆದರೆ ತಪ್ಪು ಮನುಷ್ಯನ್ನ ಹಿಡಿದ್ರೆ, ಸರಿಯಾದ ಮನುಷ್ಯ ಇನ್ನೊಂದು ವರ್ಕ್‌ಶಾಪ್ ಹುಡುಕ್ಕೊಂಡು ಹೋಗ್ತಾನೆ ಸರ್."

ನಾನು ಭೂತಗನ್ನಡಿ ತಂದೆ. ವಾಲ್ವಿನ ತಳದ ಚಿತ್ರ ಬೇರೆಯಿತ್ತು. ಲೋಹ ಕಡೆಯುವ ಲೇತ್‌ನ ಉಳಿ ಬಿಟ್ಟ ಸಣ್ಣ ಸುತ್ತುಗಳು ನೀರಿನ ತರಂಗಗಳಂತೆ ಒಂದರ ಸುತ್ತ ಒಂದು ಅಂಚಿನವರೆಗೂ ಹಬ್ಬಿದ್ದವು. ಎಲ್ಲಿಯೂ ತುಂಡಾಗಿರಲಿಲ್ಲ. ಅರ ಹಾಕಿ ಉಜ್ಜಿದ್ದರೆ ಇವು ಉಳಿಯುತ್ತಿದ್ದವೇ?

"ಅಳಿಸಿಲ್ಲ ಕಣಮ್ಮ. ಇದಕ್ಕೆ ಸಂಖ್ಯೆ ಹೊಡೆದೇ ಇಲ್ಲ."

ಪದ್ಮಶ್ರೀ ಕಾರಿನ ಕೀಲಿ ಎತ್ತಿಕೊಂಡಳು. ಗಂಟೆ ಎರಡಾಗಿತ್ತು.

ತುಮಕೂರು ರಸ್ತೆಯಿಂದ ಒಳಗೆ ಸರಿದ ಓಣಿಯಲ್ಲಿ ಸೊಣ್ಣಪ್ಪನವರ ವರ್ಕ್‌ಶಾಪು. ಒಂಬತ್ತು ಯಂತ್ರ, ಹದಿನೆಂಟು ಕೆಲಸಗಾರರು. ನೆಲದಲ್ಲಿ ಎಣ್ಣೆಯ ಕಲೆಯಿಲ್ಲ; ಒರೆಸುವ ಬಟ್ಟೆಯೂ ಮಡಿಸಿಟ್ಟಿತ್ತು. ಅರವತ್ತು ದಾಟಿದ ಸೊಣ್ಣಪ್ಪನವರು ಬಿಳಿ ಅಂಗಿಯ ತೋಳು ಮಡಿಚಿ ನಿಂತಿದ್ದರು. ನಮ್ಮನ್ನು ಕೂರಿಸಿ, ತಾವು ಕೂರಲಿಲ್ಲ.

ಅವರ ಮಾತಿನ ಸಾರಾಂಶ ಇದು. ಈ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರು; ಇವರು ಒಂದು ಹಳೆಯ ಲೇತ್‌ನಿಂದ ಶುರುಮಾಡಿದರು. ಕೂದಲಿನ ಹತ್ತರಲ್ಲೊಂದು ಪಾಲಿನಷ್ಟು ವ್ಯತ್ಯಾಸವಿದ್ದರೂ ಪೀಸು ಹೊರಗೆ ಹೋಗದು. ಹೆಬ್ಬಾಳದವರ ಪರಿಚಯ ಮಾಡಿಸಿದ್ದು ಆರ್.ಟಿ. ನಗರದ ಏಜೆಂಟ್ ಉಮೇಶ್; ಅವನು ಇಲ್ಲಿಗೆ ಮನೆಯವನಂತೆ ಬಂದುಹೋಗುವವನು. ಎಂಟನೆಯ ಬ್ಯಾಚಿನ ನಾನೂರೂ ಅವನೇ ತಂದ ಆರ್ಡರು— ಬರಗಾಲದ ನಾಡಿಗೆ ನೀರೆತ್ತುವ ಪಂಪಿನ ಎಂಜಿನ್ನಿಗೆಂದು.

ಪದ್ಮಶ್ರೀ ಚಿತ್ರವನ್ನು ಮುಂದಿಟ್ಟು, ಸಂತೆಯಲ್ಲಿ ಸತ್ತ ಹನ್ನೊಂದು ಮಂದಿಯ ವಿಷಯ ಹೇಳಿದಳು.

ಸೊಣ್ಣಪ್ಪನವರು ಬಹಳ ಹೊತ್ತು ನೋಡಿದರು. "ನಮ್ದೇ ತಾಯಿ. ಇಲ್ಲ ಅಂತ ಎಂಗೆ ಏಳ್ಲಿ? ಈ ಅಕ್ಷರ ನಾನೇ ಬರ್ದಿದ್ದು."

"ವಿಮಾನ ಬಿದ್ದಿದ್ದು ಗುಂಡೇಟಿಗೆ. ನಿಮ್ಮ ವಾಲ್ವ್ ಕೊನೇವರೆಗೂ ಸರಿಯಾಗೇ ಕೆಲಸ ಮಾಡಿದೆ ಅಂತ ತಜ್ಞರು ಬರ್ದಿದ್ದಾರೆ."

ಆ ಮುಖದಲ್ಲಿ ಒಂದು ಬೆಳಕು ಮೂಡುವುದನ್ನೂ, ಅದನ್ನು ಅವರೇ ಒತ್ತಿ ನಂದಿಸುವುದನ್ನೂ ನಾನು ಕಂಡೆ. ಅಂಥ ಮುಖದ ಮನುಷ್ಯ ಕಳ್ಳನಾಗಿರಲಾರನೆಂದು ನನಗನ್ನಿಸಿತು. ಪದ್ಮಶ್ರೀ ಮಾತ್ರ ನನ್ನತ್ತ ತಿರುಗಲಿಲ್ಲ. ಅನ್ನಿಸಿಕೆಗಳನ್ನು ವರದಿಯಲ್ಲಿ ಬರೆಯಲಾಗದೆಂದು ಆಕೆಗೆ ಕಲಿಸಿದವನು ನಾನೇ.

ಮುಂದಿನ ಸರದಿ ಮೇಲ್ವಿಚಾರಕ ಶಿವಪುತ್ರನದು. ವಿಜಯಪುರದ ಕಡೆಯವನು, ಇಲ್ಲಿಗೆ ಬಂದು ಹನ್ನೆರಡು ವರ್ಷ. ಕೀಲಿಗಳೆಲ್ಲ ಅವನ ಸೊಂಟದಲ್ಲಿ.

"ನಂಬರ್ ಇಲ್ಲದ ಪೀಸ್ ಇಲ್ಲಿಂದ ಹೊರಗೆ ಹೋಗತ್ತಾ?"

"ಹ್ಯಾಂಗ ಹೋಗ್ತದ್ರೀ ಮೇಡಂ? ಪಾಸ್ ಆದಮ್ಯಾಲೆ ನಾನ ಕೈಯ್ಯಾರೆ ನಂಬರ್ ಹೊಡೀತೀನಿ. ಫೇಲ್ ಆದದ್ದು ಅವತ್ತ ಕರಗಸಾಕ ಹೋಗ್ತದ."

"ಒಂದೂ ಇಲ್ವಾ?"

ಅವನು ಗೋಡೆಯತ್ತ ನೋಡಿದ. "ಒಂದ್ ಅದ. ಆದ್ರ ಅದು ನಮ್ದಲ್ರೀ. ದೇವರದು."

ಗೋಡೆಯಲ್ಲೊಂದು ಹಲಗೆ. ಮೇಲೆ ಮುನೇಶ್ವರನ ಪಟ, ಎಣ್ಣೆದೀಪ. ದೀಪದ ಮುಂದೆ ಸಾಲಾಗಿ ಎಂಟು ವಾಲ್ವುಗಳು, ಒಂದೊಂದರ ಮೇಲೂ ಕುಂಕುಮ. ಅಲ್ಲಿನ ಪದ್ಧತಿ ಹೀಗೆ: ಪ್ರತಿ ಬ್ಯಾಚಿನಲ್ಲೂ ಲೇತ್‌ನಿಂದ ಇಳಿಯುವ ಮೊದಲ ಪೀಸನ್ನು, ಎಣ್ಣೆ ಆರುವ ಮೊದಲೇ, ಸೊಣ್ಣಪ್ಪನವರು ಕುಂಕುಮವಿಟ್ಟು ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಅದಕ್ಕೆ ಸಂಖ್ಯೆಯಿಲ್ಲ, ಎಣಿಕೆಯಲ್ಲಿ ಜಾಗವಿಲ್ಲ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಧೂಳು ಹೊಡೆಯುವವರೂ ಅದರ ಸುತ್ತ ಹೊಡೆಯುತ್ತಾರೆ.

ನಾನು ಎಣಿಸಿದೆ. ಏಳನೆಯದು ತನ್ನ ಜಾಗದಲ್ಲೇ ನಿಂತಿತ್ತು. ಸಿಕ್ಕಿತೆಂದುಕೊಂಡ ದಾರಿ ಮುಚ್ಚಿಹೋಯಿತು. ಪದ್ಮಶ್ರೀ ಮಾತ್ರ ಹಲಗೆಯ ಮುಂದೆ ಕೈಕಟ್ಟಿ ನಿಂತೇ ಇದ್ದಳು. ಆಮೇಲೆ ವಾಲ್ವುಗಳ ಲೆಕ್ಕದ ರಿಜಿಸ್ಟರು ತರಿಸಿ ಪುಟ ತಿರುವಿದಳು.

ಪದ್ಮಶ್ರೀ ಕರೆಸಿದ್ದ ಉಮೇಶ್ ಮೂರೂವರೆಗೆ ಬಂದ. ಇಸ್ತ್ರಿ ಮಾಡಿದ ನಗು, ಎರಡು ಫೋನು. ಬಾಗಿಲಲ್ಲೇ ಶಿವಪುತ್ರನ ಬೆನ್ನು ತಟ್ಟಿ, "ಏನ್ ಗುರು, ಮುಖ ನೋಡಿದ್ರೆ ಆಗಲೇ ಜೈಲಿಗೆ ಹೋಗಿ ಬಂದಂಗಿದ್ಯಲ್ಲ," ಎಂದ. ಶಿವಪುತ್ರ ನಗಲಿಲ್ಲ.

ಪದ್ಮಶ್ರೀ ಅವನನ್ನು ಸಾವಕಾಶವಾಗಿ ಕೇಳುತ್ತ ಹೋದಳು. ಏಜೆಂಟನ ಕೆಲಸ ಕಾಗದ ಓಡಿಸುವುದಷ್ಟೇ, ಮಾಲು ಮುಟ್ಟುವುದಲ್ಲ ಎಂದ. ಪಂಪಿನ ಕಂಪನಿ ಕೊಲ್ಲಿಯ ಕಡೆಯದು, ಪತ್ರಗಳೆಲ್ಲ ಸರಿಯಿವೆ ಎಂದ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೋ ತನಗೇನು ಗೊತ್ತು ಎಂದ.

"ನಿಮ್ಮ ಹತ್ರ ಇವರ ಒಂದು ವಾಲ್ವ್ ಇತ್ತಲ್ಲ? ರಿಜಿಸ್ಟರಲ್ಲಿದೆ. ಆರನೇ ಬ್ಯಾಚು, ನಲವತ್ಮೂರನೇ ನಂಬರು. ವಸ್ತುಪ್ರದರ್ಶನಕ್ಕೆ ಅಂತ ತಗೊಂಡು ಹೋಗಿದ್ರಿ."

"ಅದಾ ಮೇಡಂ? ವಾಪಸ್ ಬರ್ತಾ ಯಶವಂತಪುರ ಸ್ಟೇಷನ್ನಲ್ಲಿ ಬ್ಯಾಗೇ ಹೋಯ್ತು. ಕಳೆದೋಯ್ತು ಅಂತ ಸೈನ್ ಹಾಕ್ಕೊಟ್ಟಿದೀನಿ. ಒಂದ್ ವಾಲ್ವ್‌ಗೆ ಇಷ್ಟೊಂದು ಸೀನಾ? ಯಾವ ಕಳ್ಳ ತಗೊಂಡೋಗಿ ಮನೆ ನಲ್ಲಿಗೆ ಹಾಕ್ಕೊಂಡಿದಾನೋ."

ಪದ್ಮಶ್ರೀ ತಲೆಯಾಡಿಸಿ ಸೊಣ್ಣಪ್ಪನವರತ್ತ ತಿರುಗಿದಳು. ಅದುವರೆಗಿನ ಅಧಿಕಾರದ ದನಿ ಆಕೆಯಲ್ಲಿ ಉಳಿದಿರಲಿಲ್ಲ.

"ಅಪ್ಪಾಜಿ, ಒಂದು ಕೇಳ್ತೀನಿ. ನಾನು ಮುಟ್ಟಲ್ಲ. ಏಳನೇದನ್ನ ನೀವೇ ಎತ್ತಿ ತೋರಿಸ್ತೀರಾ?"

ಶಿವಪುತ್ರ ಅಡ್ಡ ಬಂದ. "ಬ್ಯಾಡ್ರೀ ಮೇಡಂ. ಹನ್ನೆರಡ್ ವರ್ಷದಾಗ ಒಮ್ಮೆ ಇಟ್ಟದ್ದನ್ನ ಎತ್ತಿಲ್ಲ. ಹೊರಗ ಹದಿನೆಂಟ್ ಮಂದಿ ನೋಡ್ಲಿಕತ್ತಾರ."

"ದೇವರ ಮುಂದೆ ಏನ್ರೀ ಇದು? ನೀವೂ ಹಿಂದೂನೇ ಅಲ್ವಾ ಮೇಡಂ?" ಎಂದ ಉಮೇಶ್. ಅವನ ನಗುವಿನ ಇಸ್ತ್ರಿ ಸ್ವಲ್ಪ ಕೆಟ್ಟಿತ್ತು.

ಸೊಣ್ಣಪ್ಪನವರು ಅವನನ್ನು ಒಮ್ಮೆ ನೋಡಿದರು. ಹಿತ್ತಲಿನ ನಲ್ಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಯಂತ್ರಗಳನ್ನು ನಿಲ್ಲಿಸಿದರು. ಏಳನೆಯ ವಾಲ್ವನ್ನು ಎರಡು ಬೆರಳಲ್ಲಿ ಎತ್ತಿದರು.

ಕುಂಕುಮ ಪುಡಿಪುಡಿಯಾಗಿ ಉದುರಿ ಅವರ ಮಣಿಕಟ್ಟಿನ ಮೇಲೆ ಬಿತ್ತು. ವಾಲ್ವನ್ನು ತಿರುಗಿಸಿದರು. ತಳದಲ್ಲಿ ಸಂಖ್ಯೆಯಿತ್ತು.

"ಓದಿ ಅಪ್ಪಾಜಿ."

"ಆರು... ನಲವತ್ಮೂರು."

ಉಮೇಶ್ ಒಂದು ಫೋನನ್ನು ಜೇಬಿಗೆ ಹಾಕಿ, ಮತ್ತೆ ತೆಗೆದ.

"ಸರ್, ನೀವು ತಳ ನೋಡಿ ಹೇಳಿದ್ರಿ— ನಂಬರ್ ಹೊಡೆದೇ ಇಲ್ಲ ಅಂತ. ಅರ್ಧ ದಾರಿ ನೀವೇ ತೋರಿಸಿದ್ರಿ," ಎಂದು ಪದ್ಮಶ್ರೀ ನನಗೆ ಹೇಳಿದಳು. "ಇನ್ನರ್ಧ ಎಲ್ಲರ ಕಣ್ಮುಂದೇ ಇತ್ತು. ತಿರುಪಿನೊಳಗಿನ ಕೆಂಪು. ತುಕ್ಕು ಅಂತ ಬರೆದುಬಿಟ್ರು. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಎಲ್ಲಿಂದ ಬರಬೇಕು?"

ನನಗೆ ನಾಚಿಕೆಯಾಯಿತು. ಭೂತಗನ್ನಡಿ ಹಿಡಿದು ನೋಡಿದ ನಾನು ಆ ಗೆರೆಯ ಮೇಲೇ ಹಾದುಹೋಗಿದ್ದೆ.

"ಆ ಕೆಂಪು ಈ ಹಲಗೆ ಮೇಲಿನ ಕುಂಕುಮ. ಹಸಿ ಎಣ್ಣೆ ಮೇಲೆ ಇಟ್ಟದ್ದರಿಂದ ತಿರುಪಿನೊಳಕ್ಕೆ ಇಳೀತು. ಒರೆಸಿದವನ ಕೈಗೆ ಸಿಗಲಿಲ್ಲ. ಅಂದ್ರೆ ಮರಳಲ್ಲಿ ಬಿದ್ದಿದ್ದು ದೇವರ ಪೀಸು, ನೂರೊಂದನೇದು. ಹಾಗಿದ್ರೆ ಇಲ್ಲಿ ನಿಂತಿರೋದು ಯಾವುದು? ಅದಕ್ಕೇ ಎತ್ತಿಸಿದ್ದು."

ಶಿವಪುತ್ರ ಏನೋ ಹೇಳಹೋದ. ಆಕೆ ಕೈ ಎತ್ತಿ ತಡೆದಳು.

"ನಿಮ್ಮೇಲೂ ಅನುಮಾನ ಇತ್ತು, ಅಪ್ಪಾಜಿ ಮೇಲೂ ಇತ್ತು. ಈ ನಂಬರ್ ನೋಡಿದ ಮೇಲೆ ಇಲ್ಲ. ನಿಮ್ಮಿಬ್ಬರಲ್ಲಿ ಯಾರಾದ್ರೂ ಬದಲಿ ಇಡಬೇಕಿದ್ರೆ, ನಂಬರ್ ಹೊಡೆಯೋ ಮುಂಚೆ ಇನ್ನೊಂದನ್ನ ಎತ್ತಿಡೋದು ಎರಡು ನಿಮಿಷದ ಕೆಲಸ. ನಂಬರ್ ಇರೋದನ್ನ ತಂದಿಟ್ಟವನಿಗೆ ನಂಬರ್ ಇಲ್ಲದ್ದು ಇಲ್ಲಿ ಬಿಟ್ಟು ಬೇರೆಲ್ಲೂ ಸಿಕ್ತಿರಲಿಲ್ಲ. ಅವನ ಕೈಲಿದ್ದದ್ದು ಒಂದೇ ವಾಲ್ವು. ಪಂಪಿನ ನೆಪದಲ್ಲಿ ನಾನೂರು ಕೇಳಿದ ಗಿರಾಕಿಗಳಿಗೆ ಮೊದಲು ಮಾದರಿ ಕಳಿಸಬೇಕು, ಆದರೆ ತನ್ನ ಹೆಸರಲ್ಲಿರೋ ನಂಬರ್ ಕಳಿಸೋ ಹಾಗಿಲ್ಲ. ಅದಕ್ಕೆ ಅದಲುಬದಲು. ಮುಚ್ಚಳದೊಳಗೆ ಅಕ್ಷರ ಇದೆ ಅಂತ ಅವನಿಗೆ ಗೊತ್ತಿರಲಿಲ್ಲ. ದೇವರದ್ದನ್ನ ಯಾರೂ ತಿರುಗಿಸಿ ನೋಡಲ್ಲ ಅಂತ ಮಾತ್ರ ಚೆನ್ನಾಗಿ ಗೊತ್ತಿತ್ತು."

ಆಕೆ ಉಮೇಶನ ಕಡೆ ತಿರುಗಿದಳು.

"ಸ್ಟೇಷನ್ನಲ್ಲಿ ಕಳೆದುಹೋದ ವಾಲ್ವ್ ತಾನಾಗೇ ನಡ್ಕೊಂಡು ಬಂದು ಈ ಹಲಗೆ ಹತ್ತಿತಾ ಉಮೇಶ್?"

ತಾನು ಕಳಿಸದಿದ್ದರೆ ಇನ್ನೊಬ್ಬ ಕಳಿಸುತ್ತಿದ್ದ ಎಂದಷ್ಟೇ ಅವನು ಗೊಣಗಿದ. ಬೀಗಮುದ್ರೆಗೆಂದು ಮೊದಲೇ ಬಂದು ಹೊರಗೆ ನಿಂತಿದ್ದ ಕಸ್ಟಮ್ಸ್‌ನ ಇಬ್ಬರು ಸಿಬ್ಬಂದಿ ಅವನನ್ನು ಜೀಪು ಹತ್ತಿಸಿದರು. ಪದ್ಮಶ್ರೀ ಅಲ್ಲಿಂದಲೇ ಕಾರ್ಗೋಗೆ ಫೋನು ಮಾಡಿ ನಾನೂರು ವಾಲ್ವುಗಳನ್ನು ವಶಪಡಿಸಿಕೊಳ್ಳಲು ಹೇಳಿದಳು. ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ವರದಿ ಹೋಯಿತು. ಬೀಗಮುದ್ರೆಯ ಮಾತು ಅದರಲ್ಲಿರಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ನಾನು ಬರೆದ ಯಾವ ವರದಿಯೂ ಅಷ್ಟು ನೆಟ್ಟಗಿರಲಿಲ್ಲವೆಂದು ನನಗೆ ಗೊತ್ತು. ಗೊತ್ತಿರುವುದೇ ಒಂದು ಸುಖವಾಗಿತ್ತು.

ಕಚೇರಿಯ ಕೋಣೆಯಲ್ಲಿ ಸೊಣ್ಣಪ್ಪನವರು ಈಗ ಕುಳಿತಿದ್ದರು. ಹೊರಗೆ ಯಂತ್ರಗಳು ಇನ್ನೂ ಮೌನವಾಗಿದ್ದವು. ತಜ್ಞರ ತಂಡಕ್ಕೆ ಕಳಿಸುವ ಉತ್ತರದಲ್ಲಿ ‘ಬೆಂಗಳೂರಿನ ಒಂದು ವರ್ಕ್‌ಶಾಪು’ ಎಂದಷ್ಟೇ ಬರೆಯಬಹುದು, ಹೆಸರು ಬೇಕಿಲ್ಲ ಎಂದಳು ಪದ್ಮಶ್ರೀ. ಕೆಲಸಗಾರರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ಆರ್ಡರ್ ರದ್ದಾಯಿತು ಎಂದರೆ ಸಾಕು ಎಂದೂ ಸೇರಿಸಿದಳು.

"ಬ್ಯಾಡ ತಾಯಿ. ಎಸ್ರು ಆಕಿ." ಅವರು ಮಣಿಕಟ್ಟಿನ ಕುಂಕುಮವನ್ನು ಒರೆಸಿಕೊಳ್ಳಲಿಲ್ಲ. "ಪಂಪು ಅಂದ. ಯಾವೂರ ಪಂಪು ಅಂತ ನಾನು ಕೇಳ್ಬೇಕಿತ್ತು. ಕೇಳ್ನಿಲ್ಲ. ನಾನೂರ್ ಪೀಸು ಮಾಡೋ ಉಮೇದಲ್ಲಿದ್ದೆ. ಅದ್ನೂ ಬರ್ಕೊಳಿ."

"ಅದನ್ನೆಲ್ಲ ಬರೆದರೆ ಮುಂದಿನ ಆರ್ಡರಿಗೆ ತೊಂದರೆಯಾಗಬಹುದು," ಎಂದೆ ನಾನು.

"ಆಗ್ಲಿ ಸ್ವಾಮಿ. ಅಲ್ಲಿ ಸತ್ತೋರು ಅನ್ನೊಂದ್ ಜನ." ಅವರು ಎದ್ದು ಅಂಗಿಯ ತೋಳನ್ನು ಬಿಚ್ಚಿ ನೇರಮಾಡಿ ಗುಂಡಿ ಹಾಕಿಕೊಂಡರು. "ಆಚೆ ನಿಂತಿರೋರು ಅದಿನೆಂಟ್ ಜನ. ಅವ್ರ ಕೈಲಿ ಆದ ಕೆಲ್ಸ ಎಲ್ಲಿಗೋಗ್ತಿತ್ತು ಅಂತ ಅವ್ರಿಗೆ ಗೊತ್ತಾಗ್ಬೇಕು. ಎಲ್ಲಿ ನಿಂತೋಯ್ತು ಅನ್ನೋದೂ ಗೊತ್ತಾಗ್ಬೇಕು. ನಾನೇ ಏಳ್ತೀನಿ."

ಶಿವಪುತ್ರ ಜೊತೆಗೆ ಹೊರಟ. ಬೇಡವೆಂದು ಕಣ್ಣಲ್ಲೇ ಹೇಳಿ, ಬೆನ್ನು ಸೆಟೆಸಿಕೊಂಡು, ಸೊಣ್ಣಪ್ಪನವರು ಒಬ್ಬರೇ ಹೊರಗೆ ನಡೆದರು. ಕಬ್ಬಿಣದ ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು.