ಜಜ್ಜಿದ ಹಂಡೆ

ಮನೆ ಖಾಲಿ ಮಾಡಿಕೊಟ್ಟು ಹಳೇ ಸಾಮಾನನ್ನು ಹುಲಿಕಲ್ ಘಾಟಿಯಲ್ಲಿ ಸುರಿದು ಹೋಗುವವರು ನಾವಲ್ಲ. ಬೇರ್ಪಡಿಸಿ ಸಾಗರ ಪೇಟೆಗೆ ಒಯ್ದು ಮರುಬಳಕೆಗೆ ಕೊಡುತ್ತೇವೆ. ಮೊನ್ನೆ ಹೊಸನಗರದ ಮನೆಯೊಂದರಲ್ಲಿ ತಾಮ್ರದ ಹಂಡೆ ಸಿಕ್ಕಿತು. ಬಚ್ಚಲೊಲೆ ಉರಿದು ವರ್ಷಗಳಾಗಿದ್ದರೂ ಹಂಡೆ ಬೆಚ್ಚಗಿತ್ತು.

"ಹಂಗೇ ತಗಂಡ್ ಹೋಗಿ ಮಾರಾಯ್ರಾ, ಜಜ್ಜಬೇಡಿ," ಎಂದರು ಮನೆಯೊಡತಿ ಜಲಜಮ್ಮ.

"ಜಜ್ಜದೇ ಇದ್ರೆ ಗಾಡೀಲಿ ಜಾಗ ಎಲ್ಲಿದೆ ಅಮ್ಮಾ?" ಜೊತೆಗಾರ ಭೂತಪ್ಪ ನಕ್ಕು ಸುತ್ತಿಗೆ ಬೀಸಿದ. ತಾಮ್ರದ ಸದ್ದು ಬರಲಿಲ್ಲ. ಮಾಂಸಕ್ಕೆ ಬಡಿದಂತೆ ಮೆತ್ತಗೆ ಕೇಳಿಸಿತು. ಅವನು ರೇಗಿ, ಚಪ್ಪಟೆಯಾಗುವವರೆಗೂ ಬಾರಿಸಿದ.

ಸಾಗರದಲ್ಲಿ ಗಾಡಿಯ ಬಾಗಿಲು ತೆಗೆದಾಗ ಹಂಡೆ ಮೊದಲಿನಂತೆ ಗುಂಡಗಿತ್ತು. ಇಳಿಸಲು ಬಗ್ಗಿದ ಭೂತಪ್ಪ ರಕ್ತ ಕಾರಿ ಕುಸಿದ.

ಎಕ್ಸ್‌ರೇ ನೋಡಿದ ಡಾಕ್ಟರು ನನ್ನತ್ತ ದುರುಗುಟ್ಟಿದರು. "ಪಕ್ಕೆಲುಬು ಒಂದೂ ಉಳಿದಿಲ್ಲ. ಸುತ್ತಿಗೇಲಿ ಹೊಡ್ದಿದ್ದು ಯಾರ್ರೀ?"

ಸುಳ್ಳು ಹೇಳಲಿಲ್ಲ ನಾನು.

"ಅವನೇ," ಎಂದೆ.