ಓರೆಯಾಗಿದ್ದ ಎರಡನೆಯ ಬಿಲ್ಲೆ

ಅವನಿಗೆ ‘ನೆಟ್ಟಗಪ್ಪ’ ಎಂದು ಹೆಸರಿಟ್ಟವಳು ಅವಳೇ. ಗೋಡೆಯ ಕ್ಯಾಲೆಂಡರ್ ಇರಲಿ, ಅವಳ ಕಾಲರ್ ಇರಲಿ, ಒಂಚೂರು ಓರೆಯಾಗಿದ್ದರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಆ ಕೈಯನ್ನು ಅವಳು ಪ್ರೀತಿಸಿದ್ದಳು. ಅದೇ ಕೈ ಅವಳೇ ರೂಪಿಸಿ ಜೋಡಿಸಿದ್ದ ಯಂತ್ರವನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿ, ಬೇರೊಂದು ಕಂಪನಿಯಲ್ಲಿ ತನ್ನದೆಂದು ತೋರಿಸಿತ್ತು.

ಹೆಬ್ಬೆರಳಿನಷ್ಟು ಎತ್ತರದ ಎಲೆಕ್ಟ್ರಾನ್ ಕಾಲಂ ಅದು, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೊಳವೆ. ನಡುವೆ ತೂತಿರುವ ತೆಳು ಸಿಲಿಕಾನ್ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಕಿರಣ ಹಾಯಿಸಿದರೆ, ಕಣ್ಣಿಗೆ ಕಾಣದ ಕಣವೂ ಪರದೆಯ ಮೇಲೆ ಮೂಡಬೇಕು.

ಮೂಡುತ್ತಿರಲಿಲ್ಲ. ಅದಕ್ಕೇ ಅವನು ಈಗ ಅವಳ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ.

“ಪರೀಕ್ಷೆಗೆ ಇಟ್ಟ ತವರದ ಪುಟಾಣಿ ಗುಂಡುಗಳು ದುಂಡಗಿರೋ ಬದಲು ಜೀರಿಗೆ ಥರ ಕಾಣ್ತಿವೆ. ಮಧ್ಯಾಹ್ನ ಕೊಳ್ಳೋರು ನೋಡೋಕೆ ಬರ್ತಾರೆ.”

“ಎರಡನೇ ಬಿಲ್ಲೆ ಓರೆಯಾಗಿತ್ತಲ್ಲ, ಏನ್ಮಾಡ್ದೆ?”

“ನಿನ್ನ ಕೈ ತಪ್ಪಿದೆ ಅಂದ್ಕೊಂಡು ನೆಟ್ಟಗೆ ಮಾಡ್ದೆ.”

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಯಾವ ತೂತೂ ಪೂರ್ತಿ ದುಂಡಗಿರುವುದಿಲ್ಲ. ಒಂದರ ಸೊಟ್ಟವನ್ನು ಇನ್ನೊಂದರ ಸೊಟ್ಟ ಕಳೆಯಲೆಂದೇ ಅವಳು ಅದನ್ನು ತಿರುಗಿಸಿ ಕೂರಿಸಿದ್ದಳು. ಕೇಳಿದ್ದರೆ ಹೇಳುತ್ತಿದ್ದಳು.

“ಮಾಡಿದ್ದುಣ್ಣೋ ಮಹಾರಾಯ,” ಎಂದಳು. ಆದರೂ ಬ್ಯಾಗ್ ಎತ್ತಿಕೊಂಡಳು. ದೂರ ಕೂತರೆ ಸೇಡಿನ ರುಚಿ ಸಿಗುವುದಿಲ್ಲವಲ್ಲ!

ಅವನ ಕಂಪನಿಯಲ್ಲಿ ಕೊಳ್ಳುವವರು ಆಗಲೇ ಬಂದು ಅವನ ಬಾಸ್ ಜೊತೆ ಕೂತಿದ್ದರು. ಅವಳು ಬಿಲ್ಲೆಯನ್ನು ಮತ್ತೆ ಓರೆಯಾಗಿ ಕೂರಿಸಿ, ಪೆಟ್ಟಿಗೆ ಮುಚ್ಚಿ, ಗಾಳಿ ಹೀರುವ ಪಂಪ್ ಹಾಕಿದಳು. ಬಗ್ಗಿ ಅವನ ಕಿವಿಯಲ್ಲಿ ಪಿಸುಗುಟ್ಟಿದಳು.

“ಗಾಳಿ ಖಾಲಿಯಾಗೋವರೆಗೂ ಏನೂ ಕಾಣಲ್ಲ. ಅಷ್ಟರಲ್ಲಿ ಇದು ಯಾರದ್ದು ಅಂತ ಇವರಿಗೆ ಹೇಳ್ಬಿಡು. ಹೇಳ್ಲಿಲ್ಲ ಅಂದ್ರೆ ಕಿರಣ ಬಿಡಲ್ಲ.”

“ಕೆಲಸ ಹೋಗತ್ತೆ ಕಣೇ.”

“ಗೊತ್ತು. ಅದನ್ನ ನೋಡೋಕೇ ಬಂದಿದ್ದು.”

ಅವನು ಅವಳನ್ನೇ ನೋಡಿದ. ಕಣ್ಣು ತಪ್ಪಿಸಲಿಲ್ಲ. ಆಮೇಲೆ ಎದ್ದು ನಿಂತ.

“ಇದು ಇವಳದ್ದು. ನಾನು ಕದ್ದೆ. ಇವಳ ಸರಿಸಮ ಆಗ್ಬೇಕು ಅಂತ ಹೋಗಿ ಇನ್ನೂ ಸಣ್ಣವನಾದೆ.”

ಅವನ ಬಾಸ್ ಮುಖ ಕಪ್ಪಿಟ್ಟಿತು. ಈ ಗಳಿಗೆಗಾಗಿ ಅವಳು ಎಷ್ಟು ಕಾದಿದ್ದಳು! ಹಬ್ಬವಾಗಬೇಕಿತ್ತು. ಆಗಲಿಲ್ಲ. ಈ ಕಳ್ಳನನ್ನು ಇನ್ನೂ ಪ್ರೀತಿಸುತ್ತಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಮಾತಿಗೆ ತಪ್ಪದೆ ಕಿರಣ ಬಿಟ್ಟಳು. ತವರದ ಗುಂಡುಗಳು ಮಣಿಯಂತೆ ದುಂಡಗೆ ಮೂಡಿದವು. ಎಲ್ಲರೂ ಪರದೆಯತ್ತ ಬಾಗಿದರು, ಅವನೊಬ್ಬ ಅವಳತ್ತ ನೋಡುತ್ತಿದ್ದ.

ಅವಳು ಹೊರಗೆ ಬಂದಾಗ ಅವನು ಐಡಿ ಕಾರ್ಡ್ ಒಪ್ಪಿಸಿ ಮೆಟ್ಟಿಲ ಬಳಿ ನಿಂತಿದ್ದ. ಬಗ್ಗಿ ಕೆಲಸ ಮಾಡಿ ಅವಳ ಕಾಲರ್ ಮಡಚಿಕೊಂಡಿತ್ತು. ಅವನ ಕೈ ತಾನಾಗಿ ಎದ್ದಿತು. ಅರ್ಧಕ್ಕೇ ನಿಂತಿತು.

“ಕಾಲರ್ ಮಡಚಿದೆ. ಸರಿ ಮಾಡ್ಲಾ?”

ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದ್ದ. ಅವಳ ಕಣ್ಣು ತುಂಬಿತು, ತೋರಗೊಡಲಿಲ್ಲ.

“ಇವತ್ತು ಬೇಡ,” ಎಂದಳು. “ನಾಳೆ ಬಂದು ಮತ್ತೆ ಕೇಳು.”