ಒಂದೇ ದಿನಕ್ಕೆ ಇಳಿದ ನೀರು

ನಿನ್ನೆ ಐದು ಅಡಿಯಿದ್ದ ಜೌಗಿನ ನೀರು ಇವತ್ತು ಅಳತೆ ಕಂಬದಲ್ಲಿ ಮೂರೇ ಅಡಿ! ನೀರಳೆಯುವವಳು ಮತ್ತೆ ಮತ್ತೆ ಓದಿದಳು. ಮೂರೇ.

ಮಧ್ಯಾಹ್ನ ಜೌಗಿನ ಬಗ್ಗೆ ವಿಚಾರಣೆ. ನಾಲ್ಕಕ್ಕಿಂತ ಕಡಿಮೆ ಬಂದರೆ ಇದು ಒಣಭೂಮಿ, ಕಾರ್ಖಾನೆ ಏಳುತ್ತದೆ. ಆಮೇಲೆ ಸಮುದ್ರ ಉಕ್ಕಿದರೆ — ಈಚೆಗೆ ವರ್ಷವರ್ಷವೂ ಉಕ್ಕುತ್ತಿದೆ — ನೀರು ನಿಲ್ಲಲು ಜಾಗವೆಲ್ಲಿ? ತಗ್ಗಿನ ಬೀದಿಯ ಅವಳ ಮನೆಯೇ ಮೊದಲು ಮುಳುಗುವುದು.

ಅವಳು ಫೋನು ಮಾಡಿದ ಗಂಟೆಯೊಳಗೆ ತನಿಖಾಧಿಕಾರಿ ಬಂದರು — ನಡುವಯಸ್ಸಿನ ಹೆಂಗಸು. ಕಚೇರಿಯಲ್ಲಿದ್ದವರು ನೀರಳೆಯುವವಳು, ದೋಣಿ ನಡೆಸುವ ಅವಳ ಸೋದರಮಾವ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಮೇಲ್ವಿಚಾರಕ.

"ಇಷ್ಟು ದಿನ ಇವಳು ಸುಳ್ಳು ಬರೆದಿರಬೇಕು ಮೇಡಂ," ಎಂದ ಮೇಲ್ವಿಚಾರಕ.

ಅವಳಿಗೇ ಅನುಮಾನ ಬಂತು. ನಿಜಕ್ಕೂ ತಪ್ಪು ಓದಿದ್ದೆನೇ?

"ನಿನ್ನೆ ಸಂಜೆ ಜೌಗಿಗೆ ಇಳಿದವರು ಯಾರು?" ಎಂದು ಕೇಳಿದರು ಅಧಿಕಾರಿ.

ಮೇಲ್ವಿಚಾರಕ ಮಾವನತ್ತ ಕೈ ತೋರಿಸಿದ. "ದೋಣಿಯ ಬೀಗದಕೈ ಇವನ ಹತ್ರ. ನಾನು ನೀರಿಗೆ ಕಾಲಿಟ್ಟು ತಿಂಗಳಾಯ್ತು."

"ಹೌದು ಸ್ವಾಮಿ, ನಿಮ್ಮ ಕಾಲಿಗೆ ನೆಗಡಿ ಆಗುತ್ತಲ್ಲ! ಎಲ್ಲಾನೂ ದಡದಿಂದ ದುರ್ಬೀನಲ್ಲೇ ನೋಡ್ತೀರಿ," ಎಂದ ಮಾವ.

ಅಧಿಕಾರಿ ನಗದೆ ಅವಳ ಜೊತೆ ದೋಣಿ ಹತ್ತಿದರು. ಮಾವನ ಗೊಣಗಾಟ ನಿಲ್ಲಲಿಲ್ಲ. "ಇವತ್ತು ದಡದ ಕಡೆಯಿಂದ ಸುತ್ಕೊಂಡು ಬರಬೇಕಾಯ್ತು ನೋಡಿ. ಕೆಸರಲ್ಲಿ ತಳ್ಳಿ ತಳ್ಳಿ ಸೊಂಟ ಬಿದ್ದೋಯ್ತು."

"ಯಾಕೆ ಸುತ್ತು?"

"ಇವಳು ಅಂಕಿ ಓದಬೇಡ್ವೇ?"

ಅಧಿಕಾರಿ ಕಂಬವನ್ನೂ ಪಕ್ಕದ ಜೊಂಡನ್ನೂ ಅವುಗಳಿಗೆ ಅಂಟಿದ್ದ ಬಸವನಹುಳುವಿನ ಮೊಟ್ಟೆಗಳನ್ನೂ ನೋಡಿದರು. ದೋಣಿ ತಿರುಗಿಸಲು ಹೇಳಿದರು.

"ನೀರು ಇಳಿದಿಲ್ಲ," ಎಂದರು ಕಚೇರಿಯಲ್ಲಿ. "ಬಸವನಹುಳು ನೀರಿಗಿಂತ ಒಂದು ಗೇಣು ಮೇಲೆ ಮೊಟ್ಟೆ ಇಡುತ್ತೆ. ಜೊಂಡಿನ ಮೇಲಿನ ಮೊಟ್ಟೆ ಈಗಲೂ ಗೇಣೆತ್ತರದಲ್ಲೇ ಇದೆ. ಕಂಬದ ಮೇಲಿನದು? ಇನ್ನೂ ಎರಡಡಿ ಎತ್ತರದಲ್ಲಿ! ಕಂಬವನ್ನೇ ಎತ್ತಿ ನೆಟ್ಟಿದ್ದಾರೆ."

"ಹಾಗಾದ್ರೆ ದೋಣಿಯವನೇ!" ಎಂದ ಮೇಲ್ವಿಚಾರಕ.

"ಅವನಾಗಿದ್ರೆ ಅಂಕಿಯ ಮುಖ ನೀರಿನ ಕಡೆಗೇ ಇರ್ತಿತ್ತು. ಇವರಿಬ್ಬರೂ ಓದೋದು ದೋಣಿಯಿಂದ. ಈಗ ಅದು ದಡದ ಕಡೆ ತಿರುಗಿದೆ. ಕಾಲು ನೆನೆಸದೆ, ದಡದಲ್ಲಿ ನಿಂತು ದುರ್ಬೀನಿನಲ್ಲಿ ಓದೋರು ಯಾರು? ಅಭ್ಯಾಸಬಲ! ಕೆಸರಲ್ಲಿ ನಡೆದು ಹೋಗಿ, ತಮಗೆ ಕಾಣೋ ಹಾಗೆ ನೆಟ್ಟು ಬಂದ್ರಿ — ಅಲ್ವಾ?"

ಮೇಲ್ವಿಚಾರಕನ ಮುಖ ಸುಣ್ಣವಾಯಿತು. ಆದರೆ ಅವನು ನೋಡಿದ್ದು ಅಧಿಕಾರಿಯನ್ನಲ್ಲ, ಅವಳನ್ನು.

"ಕಂಬ ನಾನು ಎತ್ತಿದೆ, ತಂಗಿ. ಎತ್ತಿಸಿದವರಿಗೆ ನಿನ್ನ ಮನೆಯ ಬಾಗಿಲೂ ಗೊತ್ತು."

ಅಧಿಕಾರಿ ಹೇಳಿಕೆಯ ಹಾಳೆಯನ್ನು ಮೇಜಿನ ಮೇಲೆ ಜರುಗಿಸಿ ಕಾದರು. ವಿಚಾರಣೆಗೆ ಇನ್ನೊಂದೇ ಗಂಟೆ.

ಅವಳು ಪೆನ್ನು ತೆಗೆದುಕೊಂಡಳು. ಮೊದಲ ಸಾಲಿನಲ್ಲಿ ನಿನ್ನೆಯ ಐದು ಅಡಿ ಬರೆದಳು.

"ಮಾವ," ಎಂದಳು ತಲೆಯೆತ್ತದೆ, "ಬರೆದು ಮುಗಿಸೋವರೆಗೂ ಬಾಗಿಲ ಹತ್ರ ನಿಂತ್ಕೋ."